ಹಗ್ಗ ಕಟ್ಟಿದ ಮನೆ

ನಮ್ಮ ಊರಿನಲ್ಲಿ ಮನೆಗಳು ಹೊರಡುವುದು ಮಧ್ಯಾಹ್ನ ಎರಡರಿಂದ ಮೂರರ ಒಳಗೆ. ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಹೆಂಗಸರು ಸೆರಗು ಮುಖದ ಮೇಲೆಳೆದುಕೊಂಡು ಅಡ್ಡಾಗುವ ಹೊತ್ತು ಅದು. ಆ ಒಂದು ಗಂಟೆ ಯಾರೂ ಒಲೆಯ ಮೇಲೆ ಹಾಲಿಡುವುದಿಲ್ಲ. ನಲ್ಲಿಗೆ ರಬ್ಬರು ಪೈಪು ಹಾಕಿರುತ್ತೇವೆ, ಕರೆಂಟಿನ ತಂತಿಯನ್ನು ಸಡಿಲ ಬಿಟ್ಟಿರುತ್ತೇವೆ, ಬಟ್ಟೆ ಒಣಹಾಕುವ ದಾರಕ್ಕೆ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಅಂಚೆಯವರು ಬಾಗಿಲ ನಂಬರು ನೋಡದೆ ಹೆಸರು ಹಿಡಿದು ಕೂಗುತ್ತಾರೆ. ಮನೆ ಎದ್ದುಹೋದ ಜಾಗದಲ್ಲಿ ಹುಲ್ಲಿಲ್ಲದ ಒಂದು ಚೌಕ ಉಳಿಯುತ್ತದೆ, ಮರುದಿನ ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಾರೆ.

ಒಳಗಿರುವವರ ಕೈಲಿ ನಿಭಾಯಿಸಲಾಗದ ಕಷ್ಟ ಬಂದರೆ, ಆ ಮನೆ ಆ ಕಷ್ಟಕ್ಕೆ ಒದಗುವವರಿದ್ದ ಕಡೆಗೆ ಹೊರಡುತ್ತದೆ. ದಿನಕ್ಕೆ ಮೂರಡಿ, ಐದಡಿ, ತೀರಾ ಜಾಸ್ತಿಯಾದರೆ ಒಂದು ಬೀದಿ. ಸೋಮವಾರ ಪುರಸಭೆಯ ನೆರವು ಕಚೇರಿಯಿಂದ ಅಳತೆಯ ಭದ್ರಯ್ಯ ಟೇಪು ಹಿಡಿದು ಬರುತ್ತಾರೆ. ಹಿಂದಿನ ವಾರ ಎಳೆದ ಸುಣ್ಣದ ಗೆರೆಯಿಂದ ಮನೆ ಎಷ್ಟು ಸರಿದಿದೆ, ಯಾವ ದಿಕ್ಕಿಗೆ ಸರಿದಿದೆ ಎಂದು ಬರೆದುಕೊಂಡು ಹೋಗುತ್ತಾರೆ. ಬಾಣಂತಿ ಇರುವ ಮನೆ ದಾದಿಯ ಕಡೆಗೆ ಎರಡಡಿ ಹೋಗಿದ್ದರೆ ಮಂಗಳವಾರ ದಾದಿ ಬರುತ್ತಾಳೆ. ಕಣ್ಣು ಮಂಜಾದ ಅಜ್ಜನ ಮನೆ ಕನ್ನಡಕದ ಡಾಕ್ಟರ ಕಡೆಗೆ ವಾಲಿದ್ದರೆ ಡಾಕ್ಟರಿಗೆ ಚೀಟಿ ಹೋಗುತ್ತದೆ. ಅರ್ಜಿ ಬರೆಯುವುದಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ. ಆ ಗೆರೆಗಳ ಅಳತೆಯೆಲ್ಲ ಶುರುವಾಗುವುದು ಟ್ಯಾಂಕಿನ ಬೀದಿಯ ಪಂಕಜಾಕ್ಷಿ ಮೇಡಂ ಮನೆಯ ಹೊಸ್ತಿಲಿಂದ. ಅವರು ಶಾಲೆಯ ಹೆಡ್ ಮೇಡಂ, ಒಂಟಿ ಹೆಂಗಸು. ಇಪ್ಪತ್ತಾರು ವರ್ಷದಲ್ಲಿ ಕೂದಲೆಳೆಯಷ್ಟೂ ಸರಿಯದ ಮನೆ ಊರಿಗೆಲ್ಲ ಅದೊಂದೇ. ಕಚೇರಿಯ ಗೋಡೆಗೆ ಹಾಕಿರುವ ನಕ್ಷೆಯಲ್ಲಿ ಅದಕ್ಕೊಂದು ಕೆಂಪು ಗುಂಡುಪಿನ್ನು ಚುಚ್ಚಿ ಪಕ್ಕದಲ್ಲಿ ಸೊನ್ನೆ ಬರೆದಿದ್ದಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಕಿಟಕಿಯ ಬಳಿ ಅವರೆಕಾಯಿ ಸುಲಿಯುತ್ತಿದ್ದೆ. ಎದುರುಮನೆಯ ಹೆಂಚಿನ ಮೇಲೆ ಕೂತಿದ್ದ ಪಾರಿವಾಳಗಳು ರೆಕ್ಕೆ ಬಿಚ್ಚದೆ, ಕೂತಲ್ಲಿಂದ ಅಲುಗದೆ, ಮೆಲ್ಲಗೆ ಎಡಕ್ಕೆ ಸಾಗಿ ಹೋದವು. ಮನೆ ಹೋಗುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಮಡಿಲ ಕಾಯೆಲ್ಲ ನೆಲಕ್ಕೆ ಬಿದ್ದಿದ್ದವು. ಹದಿಮೂರು ವರ್ಷವಾಯಿತು. ಇವತ್ತಿಗೂ ಮನೆ ಹೊರಟಾಗ ನಾನು ಎದ್ದು ನಿಲ್ಲುತ್ತೇನೆ.

ನಮ್ಮ ಹೊನ್ನಿಗೆ ಆರು ವರ್ಷವಿದ್ದಾಗ ಮೊದಲ ಸಲ ಮೂರ್ಛೆ ಬಂತು. ಜ್ವರದ ಮಕ್ಕಳಿಗೆ ಹಾಗಾಗುವುದುಂಟು ಎಂದು ಸಮಾಧಾನ ಮಾಡಿಕೊಂಡೆವು. ಎರಡನೇ ಸಲ ಜ್ವರವಿರಲಿಲ್ಲ. ಮೂರನೇ ಸಲ ಬಂದ ದಿನವೇ ನಮ್ಮವರು, ಲಾರಿಗೆ ಲೋಡು ಕಟ್ಟುವ ಕೆಲಸದವರು, ಅಂಗಳದಲ್ಲಿ ನಿಂತು ಮನೆಯ ನಾಲ್ಕು ಮೂಲೆಯನ್ನೂ ನೋಡಿದರು. ಮರುದಿನ ನಾನೇ ಹಗ್ಗದಂಗಡಿಗೆ ಹೋದೆ.

"ಬಾವಿಗೆ ಬೇಕಾಗಿತ್ತು," ಅಂದೆ.

ನಮ್ಮ ಊರಲ್ಲಿ ಬಾವಿಗಳೆಲ್ಲ ಮುಚ್ಚಿ ನಲವತ್ತು ವರ್ಷವಾಗಿದೆ. ಅಂಗಡಿಯವನು ತಲೆಯೆತ್ತಲಿಲ್ಲ. "ಬಾವಿ ಆಳ ಎಷ್ಟಿದೆ ತಾಯಿ?"

"ಆಳವಾಗೇ ಇದೆ."

"ಹಂಗಾದ್ರೆ ದಪ್ಪಂದೇ ತಗೊಳ್ಳಿ," ಎಂದು ಮಣಿಕಟ್ಟಿನಷ್ಟು ದಪ್ಪದ ತೆಂಗಿನ ನಾರಿನ ಹಗ್ಗ ಸುತ್ತಿಕೊಟ್ಟ. ನಮ್ಮವರು ಅದನ್ನು ಹಿಂದಿನ ಕಂಬಕ್ಕೆ ಬಿಗಿದು, ಹಿತ್ತಲ ಹುಣಸೆಮರಕ್ಕೆ ನಾಲ್ಕು ಸುತ್ತು ಹಾಕಿ ಕಟ್ಟಿದರು. ಅವರ ಗಂಟು ಘಾಟಿ ಇಳಿಯುವ ಲಾರಿಯಲ್ಲೂ ಬಿಚ್ಚುವುದಿಲ್ಲ. ಮೇಲೆ ನಾನು ಸೀಮೆಬದನೆ ಬಳ್ಳಿ ಹಬ್ಬಿಸಿದೆ.

ಹೀಗೇಕೆ ಮಾಡಿದೆವು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆದರೆ ತಿಳಿದರೆ ಮಗುವನ್ನು ಶಾಲೆ ಬಿಡಿಸುತ್ತಾರೆ ಎಂಬ ಭಯ ಆಗ ನಮಗಿತ್ತು, ಅದು ವರ್ಷ ಕಳೆದಂತೆ ಗಟ್ಟಿಯಾಯಿತೇ ಹೊರತು ಕರಗಲಿಲ್ಲ. ಹೊನ್ನಿ ಎರಡನೇ ತರಗತಿಯಲ್ಲಿದ್ದಾಗ ಅವರ ಶಾಲೆಯಲ್ಲಿ ಕುಂಬಾರ ಬೀದಿಯ ಪುಟ್ಟಗೌರಿ ಎಂಬ ಹುಡುಗಿ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದು ಕೈಕಾಲು ಬಡಿದಳು. ಪಂಕಜಾಕ್ಷಿ ಮೇಡಂ ಅವಳ ತಾಯಿಯನ್ನು ಕರೆಸಿ, ಪೂರ್ತಿ ಗುಣವಾದ ಮೇಲೆ ಕರೆತನ್ನಿ ಎಂದು ಕಳಿಸಿದರು. ಪುಟ್ಟಗೌರಿ ಮತ್ತೆ ಬರಲಿಲ್ಲ. ನಮ್ಮ ಹೊನ್ನಿಗೆ ಶಾಲೆ ಎಂದರೆ ಪ್ರಾಣ. ಭಾನುವಾರ ಬಂತೆಂದರೆ ಮುಖ ಸಣ್ಣಗೆ ಮಾಡಿಕೊಂಡು ಕೋಳಿಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುವ ಮಗು. ಮನೆ ಒಂದಡಿ ಸರಿದರೆ ಸಾಕು, ಸೋಮವಾರ ಭದ್ರಯ್ಯನ ಪುಸ್ತಕಕ್ಕೆ ಏರುತ್ತದೆ, ಮಂಗಳವಾರ ಊರಿಗೆಲ್ಲ ತಿಳಿಯುತ್ತದೆ. ಅದುವರೆಗೆ ಅವಳಿಗೆ ಮೂರ್ಛೆ ಬಂದದ್ದೆಲ್ಲ ಮನೆಯಲ್ಲೇ, ಬೆಳಗಿನ ಹೊತ್ತು. ಅಷ್ಟೇ ನಮ್ಮ ಪುಣ್ಯ ಎಂದುಕೊಂಡಿದ್ದೆವು.

ಮೂರು ವರ್ಷ ಮನೆ ದಿನಾ ಎರಡು ಗಂಟೆಗೆ ಹಗ್ಗ ಜಗ್ಗಿತು. ತೊಲೆ ಕಿರಗುಟ್ಟುತ್ತಿತ್ತು, ಅಡುಗೆಮನೆಯ ಗೋಡೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ನಾನು ಬಿರುಕಿಗೆ ಸಗಣಿ ಮಣ್ಣು ಮೆತ್ತಿದೆ. ಒಂದು ಸೋಮವಾರ ಭದ್ರಯ್ಯ ಗೆರೆ ನೋಡಿ, ಮನೆ ನೋಡಿ, ನನ್ನ ಮುಖ ನೋಡಿದರು.

"ಗೆರೆ ದಾಟಿಲ್ಲ ಸರಿ. ಆದ್ರೆ ನಿಮ್ಮನೆ ಕೂತಂಗೆ ಕಾಣ್ತಿಲ್ಲವಲ್ಲ ತಾಯಿ, ಬಸ್ಸಿಗೆ ಕಾಯೋರು ನಿಂತಂಗೆ ನಿಂತೈತೆ."

"ಹಳೇ ಮನೆ, ಭದ್ರಯ್ಯ," ಅಂದೆ. ಅವರು ಸೊನ್ನೆ ಅಡಿ ಎಂದು ಬರೆದುಕೊಂಡು ಹೋದರು.

ಹೊನ್ನಿಗೆ ಒಂಬತ್ತು ತುಂಬಿದ ಮೇಲೆ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದಿದ್ದಳು. ನಮ್ಮವರು ಲಾರಿಯ ಜೊತೆ ಹೋಗಿ ಎರಡು ದಿನವಾಗಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಒಗೆದ ಲಂಗವನ್ನು ದಾರಕ್ಕೆ ಹಾಕಿ ಬರೋಣವೆಂದು ನಾಲ್ಕು ಹೆಜ್ಜೆ ಹೊರಗೆ ಹೋದೆ, ಅಷ್ಟೇ. ಒಳಗೆ ಸದ್ದಾಯಿತು. ಓಡಿ ಬಂದರೆ ಹೊನ್ನಿ ಹಂಡೆಯ ಒಲೆಯ ಮುಂದೆ ಬಿದ್ದಿದ್ದಾಳೆ, ಎಡಗೈ ಕೆಂಡದ ಅಂಚಿನಲ್ಲಿದೆ. ಎಳೆದುಕೊಂಡೆ. ಎಲ್ಲರೂ ಮಾಡುವ ಹಾಗೆ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕಿದೆ. ಎಚ್ಚರವಾದ ಮೇಲೆ ಮಗು ತನ್ನ ಕೈಯ ಬೊಬ್ಬೆ ನೋಡಿಕೊಂಡು, "ಬರೆಯೋ ಕೈ ಅಲ್ಲ ಅಲ್ವಾಮ್ಮ, ಸೋಮವಾರ ಹೋಗಬಹುದು," ಎಂದಿತು.

ಸುಟ್ಟಲ್ಲಿಗೆ ತಣ್ಣೀರು ಹಾಕಿ ಅವಳನ್ನು ಮಲಗಿಸಿದೆ. ಆಮೇಲೆ ಮಚ್ಚು ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಳ್ಳಿ ಸರಿಸಿದೆ. ಗಂಟು ಬಿಚ್ಚಲು ನನ್ನ ಕೈಲಾಗುವಂತಿರಲಿಲ್ಲ, ಹಗ್ಗವನ್ನೇ ಕಡಿದೆ. ಹನ್ನೆರಡು ಏಟಿಗೆ ತುಂಡಾಯಿತು. ತುದಿ ಹಾವಿನ ಹಾಗೆ ಚಿಮ್ಮಿ ಹುಣಸೆಮರಕ್ಕೆ ಬಡಿಯಿತು. ಒಳಗೆ ಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಮನೆಯೊಳಗೆ ಕೂತು ಮನೆಯ ಜೊತೆ ಹೋಗುವುದು ಹೇಗಿರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಬಸ್ಸಿನ ಹಾಗೆ ಕುಲುಕುವುದಿಲ್ಲ. ನಿದ್ದೆಯಲ್ಲಿರುವ ಮಗು ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತದಲ್ಲ, ಹಾಗೆ. ನೆಲ ಒಂದು ಸಲ ಮೇಲೆದ್ದಿತು, ಮತ್ತೆ ಇಳಿಯಲಿಲ್ಲ. ಗಡಿಗೆಯ ನೀರು ತುಳುಕಲಿಲ್ಲ. ಗೋಡೆಯ ಬಿರುಕು ನನ್ನ ಕಣ್ಣೆದುರಿಗೇ ಮೆಲ್ಲಗೆ ಕೂಡಿಕೊಂಡಿತು. ಕಿಟಕಿಯಲ್ಲಿ ಪಕ್ಕದ ಮನೆಯ ಅಂಕಮ್ಮ ಕಾಣಿಸಿದಳು, ಒಣಹಾಕಿದ ಹಪ್ಪಳದ ಮೊರ ಎತ್ತಿಕೊಂಡು ದಾರಿ ಬಿಡುತ್ತಿದ್ದಳು.

"ಅಂತೂ ಬಿಚ್ಚಿದ್ಯಲ್ಲೇ ಗಂಗೂ!" ಎಂದು ಕೂಗಿದಳು. "ಮೂರು ವರ್ಷದಿಂದ ನಿಮ್ಮನೆ ಕಿರಕಿರ ಕೇಳಿ ಕೇಳಿ ನಮಗೆ ಒಂದು ಮಧ್ಯಾಹ್ನ ನಿದ್ದೆ ಇಲ್ಲ ಕಣೇ!"

ಗೊತ್ತಿತ್ತು! ಬೀದಿಗೆಲ್ಲ ಗೊತ್ತಿತ್ತು. ನಾನು ಅಳುತ್ತಾ ನಗುತ್ತಾ ಇದ್ದೆ. ಮುಂದೆ ಮುಂದೆ ಜನ ಮಂಚ ಎಳೆದುಕೊಂಡರು, ಬಟ್ಟೆಯ ದಾರ ಬಿಚ್ಚಿದರು, ಕಟ್ಟೆಯ ಮೇಲೆ ಮಲಗಿದ್ದ ಮುದುಕರೊಬ್ಬರು ಎದ್ದು ತಲೆಯ ವಸ್ತ್ರ ತೆಗೆದು ನಿಂತರು. ಎಲ್ಲಿಗೆ, ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹೋಗಿಬನ್ನಿ ಎಂಬಂತೆ ಕೈಯೆತ್ತಿದರು. ಹೊನ್ನಿ ಎದ್ದು ಕಿಟಕಿಗೆ ಗಲ್ಲ ಇಟ್ಟು, "ಅಮ್ಮ, ಮರ ಎಲ್ಲ ನಿಂತೇ ಇದಾವೆ, ನಾವು ಹೋಗ್ತಾ ಇದೀವಿ," ಎಂದಳು.

ಆ ದಿನ ಮನೆ ನಿಂತದ್ದು ಆರೋಗ್ಯ ಕೇಂದ್ರದ ಮಗ್ಗುಲಿಗೆ. ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಫ್ಲೋರಿನ್ ಸಿಸ್ಟರ್ ಬಾಗಿಲು ದಾಟಿ ಬರುವಾಗಲೇ ಕೈಯಲ್ಲಿ ಸುಟ್ಟಗಾಯದ ಮುಲಾಮು ಹಿಡಿದುಕೊಂಡು ಬಂದರು. ಎಲ್ಲ ಕೇಳಿಕೊಂಡರು. ಸೋಮವಾರ ದೊಡ್ಡ ಡಾಕ್ಟರಿಗೆ ತೋರಿಸೋಣ, ಮಾತ್ರೆ ಇಲ್ಲೇ ಸಿಗುತ್ತದೆ, ತಿಂಗಳು ತಿಂಗಳು ತೆಗೆದುಕೊಂಡು ಹೋಗಿ ದಿನಾ ತಪ್ಪದೆ ನುಂಗಿಸಬೇಕು ಎಂದರು. ಮಹಿಳಾ ಸಂಘದ ಇಬ್ಬರು ಸರದಿಯ ಮೇಲೆ ಬೆಳಗಿನ ಹೊತ್ತು ಜೊತೆಗಿರುತ್ತಾರೆ, ನೀವು ನಿಶ್ಚಿಂತೆಯಾಗಿ ನೀರು ನಿಡಿ ನೋಡಿಕೊಳ್ಳಿ ಎಂದರು.

"ಕೈಗೆ ಕಬ್ಬಿಣ ಕೊಟ್ರಾ?" ಎಂದು ಕೇಳಿದರು.

"ಕೊಟ್ಟೆ ಸಿಸ್ಟರ್."

"ಇನ್ನು ಕೊಡಬೇಡಿ. ಬಾಯಿಗೂ ಏನೂ ತುರುಕಬೇಡಿ, ಅದುಮಿ ಹಿಡಿಯಲೂ ಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ, ಗಡಿಯಾರ ನೋಡ್ತಾ ಕೂತ್ಕೊಳ್ಳಿ. ಐದು ನಿಮಿಷ ದಾಟಿದ್ರೆ ಮಾತ್ರ ನಮ್ಮ ಗಾಡಿ ಕರೀರಿ."

ಭಾನುವಾರ ಎರಡು ಗಂಟೆಗೆ ಮನೆ ಮತ್ತೆ ಎದ್ದಿತು. ಸಿಸ್ಟರ್ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು, "ಇನ್ನೂ ಏನೋ ಬೇಕು ಅಂತಿದೆಯಲ್ಲಪ್ಪ ಇದು," ಎಂದು ನಕ್ಕರು. ನೆರವು ಕಚೇರಿಯ ಬಾಗಿಲು ಬಂದಾಗ ಅಲ್ಲಿ ನಿಲ್ಲುತ್ತದೆ ಎಂದುಕೊಂಡೆ. ಅದನ್ನೂ ದಾಟಿತು. ಟ್ಯಾಂಕಿನ ಬೀದಿಗೆ ತಿರುಗಿದಾಗ ಹೊನ್ನಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಪಂಕಜಾಕ್ಷಿ ಮೇಡಂ ಅವರ ಗೇಟಿನ ಎದುರಿಗೆ, ಬಾಗಿಲಿಗೆ ಬಾಗಿಲು ಕೊಟ್ಟು, ಮನೆ ಕೂತಿತು. ಈ ಸಲ ನಿಜವಾಗಿ ಕೂತಿತು. ಎಮ್ಮೆ ನೆರಳಿನಲ್ಲಿ ಕೂರುವ ಹಾಗೆ.

ಸೋಮವಾರ ಬೆಳಿಗ್ಗೆ ಭದ್ರಯ್ಯ ಬಂದು ಮೇಡಂ ಹೊಸ್ತಿಲಿಂದ ಅಳೆದರು. "ಏಳಡಿ ನಾಕಂಗುಲ," ಎಂದರು. "ಸೊನ್ನೆ ಹತ್ರಾನೇ ಬಂದ್ ಕೂತೈತಲ್ಲ ತಾಯಿ!"

ಮೇಡಂ ಶಾಲೆಗೆ ಹೊರಟವರು ಗೇಟಿನ ಒಳಗೇ ನಿಂತರು. ಗಂಜಿ ಹಾಕಿದ ಸೀರೆ, ಕೈಯಲ್ಲಿ ಕೊಡೆ. "ಏನ್ರೀ ಇದು ಭದ್ರಯ್ಯ? ಗೇಟು ಪೂರ್ತಿ ತೆಗೆಯೋಕಾಗ್ತಿಲ್ಲ. ಈ ಮನೆ ದಾರಿ ತಪ್ಪಿದೆ."

"ಮನೆ ದಾರಿ ತಪ್ಪಲ್ಲ ಮೇಡಂ. ನಾವು ತಪ್ಪಬಹುದು."

"ನನ್ನ ಹತ್ರ ಕೊಡೋಕೆ ಏನಿದೆ? ನೀವು ಹೊನ್ನಿ ತಾಯಿ ಅಲ್ವೇನ್ರೀ? ಏನಾಗಿದೆ ನಿಮ್ಮನೇಲಿ?"

ಯಾರಿಂದ ಮೂರು ವರ್ಷ ಮುಚ್ಚಿಟ್ಟಿದ್ದೆನೋ ಅವರ ಎದುರಿಗೇ ನಿಂತು ಹೇಳಬೇಕಾಯಿತು. ಹೊನ್ನಿ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ನಿಂತಿದ್ದಳು. "ಮಗೂಗೆ ಫಿಟ್ಸ್ ಬರುತ್ತೆ ಮೇಡಂ," ಎಂದೆ. "ಅವಳನ್ನ ಶಾಲೆಯಿಂದ ಕಳಿಸಬೇಡಿ."

ಮೇಡಂ ಹೊನ್ನಿಯ ಕೈಯ ಪಟ್ಟಿ ನೋಡಿದರು. ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ಅಂದು ಶಾಲೆಗೆ ಹೋಗಲಿಲ್ಲ. ನಾನೂ ಹೊನ್ನಿಯನ್ನು ಕಳಿಸಲಿಲ್ಲ. ಸಿಸ್ಟರ್ ಜೊತೆ ದೊಡ್ಡ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದೆವು. ಮಗು ಮಾತ್ರೆ ನುಂಗಿ, ಪಾಟಿ ಹಿಡಿದು ಬಾಗಿಲಲ್ಲೇ ಕೂತಿತು. ಎದುರು ಬಾಗಿಲನ್ನು ನೋಡುವುದು, ತಾನೇ ಲೆಕ್ಕ ಹಾಕಿಕೊಳ್ಳುವುದು, ಅಳಿಸುವುದು.

ಹನ್ನೆರಡೂವರೆಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮೇಡಂ ಹಿಂಬಾಗಿಲಿನಿಂದ ಬಂದು, ಹೇಳದೆ ಕೇಳದೆ, ಅಡುಗೆಮನೆಯ ಮಣೆ ಎಳೆದುಕೊಂಡು ಕೂತರು. ಬಾಗಿಲಲ್ಲಿದ್ದ ಹೊನ್ನಿ ಎದ್ದು ಒಳಗೆ ಬಂದು "ನಮಸ್ತೆ ಮೇಡಂ" ಎಂದಳು.

"ಕೂತ್ಕೋ. ಬರೋಕೆ ಮುಂಚೆ ನಿಂಗೆ ಗೊತ್ತಾಗುತ್ತಾ?" ಎಂದು ಅವಳನ್ನೇ ಕೇಳಿದರು. ಮೂರು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿರಲಿಲ್ಲ.

"ಗೊತ್ತಾಗುತ್ತೆ ಮೇಡಂ. ವಾಸನೆ ಬರುತ್ತೆ."

"ಏನು ವಾಸನೆ?"

"ಹಸೀ ಮಣ್ಣಿಂದು."

ಮೇಡಂ ಮಣೆಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ನಂಗೆ ಸುಟ್ಟ ಎಳ್ಳಿನ ವಾಸನೆ," ಎಂದರು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹೊನ್ನಿ ಮಾತ್ರ ಮುಂದಕ್ಕೆ ಬಾಗಿ, ಗೆಳತಿಯ ಹತ್ತಿರ ಕೇಳುವ ಹಾಗೆ, "ನಿಮಗೂ ನಾಲಿಗೆ ಕಚ್ಚಿಹೋಗುತ್ತಾ ಮೇಡಂ?" ಎಂದು ಕೇಳಿದಳು.

"ಹೋಗುತ್ತೆ. ಆಮೇಲೆ ಮೂರು ದಿನ ಸಾರು ಖಾರ."

"ಹೂಂ! ನಂಗೂ!"

ಅವರಿಬ್ಬರೂ ಮಾತಾಡುತ್ತಾ ಹೋದರು. ತಲೆಯೊಳಗೆ ಗುಂಯ್ ಎನ್ನುವುದು, ಎಚ್ಚರವಾದಾಗ ಎಲ್ಲರೂ ದೂರದಲ್ಲಿ ನಿಂತು ನೋಡುತ್ತಿರುವುದು, ಬೀಳುವುದಕ್ಕಿಂತ ಆ ನೋಟವೇ ಕಷ್ಟ ಎನ್ನುವುದು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ಇಷ್ಟು ದಿನ ಒಂಟಿಯಾಗಿ ಯಾವ ಊರಿಗೆ ಹೋಗಿ ಬರುತ್ತಿತ್ತೋ ಆ ಊರನ್ನು ಕಂಡವರು ಇನ್ನೊಬ್ಬರು ನನ್ನ ಅಡುಗೆಮನೆಯಲ್ಲಿ ಕೂತಿದ್ದರು. ಒಗ್ಗರಣೆ ಸೀದುಹೋದದ್ದು ಯಾರಿಗೂ ತಿಳಿಯಲಿಲ್ಲ.

"ಹಾಗಾದ್ರೆ ಪುಟ್ಟಗೌರೀನ ಯಾಕೆ ಕಳಿಸಿದ್ರಿ ಮೇಡಂ?" ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಬಾಯಿಗೆ ಬಂದುಬಿಟ್ಟಿತು.

"ಅವಳು ಬಿದ್ದಾಗ ಎಲ್ಲರೂ ಅವಳನ್ನ ನೋಡಿದ್ರು. ನಂಗೆ ನಾನೇ ಬಿದ್ದಿರೋ ಹಾಗೆ ಕಾಣಿಸ್ತು. ಕಣ್ಣೆದುರಿಗೆ ಇರಬಾರದು ಅನ್ನಿಸ್ತು," ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಎರಡು ವರ್ಷದಿಂದ ಆ ಕುಂಬಾರ ಬೀದಿ ಕಡೆ ಕಾಲಿಟ್ಟಿಲ್ಲ ನಾನು. ಬನ್ನಿ, ನಿಮಗೊಂದು ತೋರಿಸ್ತೀನಿ."

ಅವರ ಹಿತ್ತಲಿಗೆ ಆಳೆತ್ತರದ ಕಾಂಪೌಂಡು. ಒಳಗೆ ದಾಸವಾಳದ ಪೊದೆಯ ಬುಡದಲ್ಲಿ ಅವರು ಬಗ್ಗಿ ಎಲೆ ಸರಿಸಿದರು. ನಮ್ಮದು ನಾರಿನ ಹಗ್ಗ. ಅವರದು ಕಬ್ಬಿಣದ ಸರಪಳಿ, ತೋಳಿನಷ್ಟು ದಪ್ಪ, ತುಕ್ಕು ಹಿಡಿದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮನೆಯ ತಳಪಾಯದಿಂದ ಬಂದು ನೆಲದೊಳಗಿನ ಬಂಡೆಗೆ ಇಳಿದಿತ್ತು. ಬೀದಿಯಲ್ಲಿ ಗೆರೆ ಎಳೆಯುತ್ತಿದ್ದು ನಮ್ಮ ಜೊತೆ ಬಂದ ಭದ್ರಯ್ಯ ಅದನ್ನು ನೋಡಿ ಟೇಪು ಕೆಳಗಿಟ್ಟರು. ಆಮೇಲೆ ತಾವೂ ನೆಲದ ಮೇಲೆ ಕೂತರು.

"ಇಪ್ಪತ್ತಾರು ವರ್ಷ!" ಎಂದರು. "ಊರೆಲ್ಲ ಅಳೆದಿದ್ದು ಈ ಸರಪಳಿಯಿಂದಲೇನ್ರೀ ಮೇಡಂ? ನಮ್ಮ ಸಾಹೇಬ್ರು ಈ ಮನೇನ ತೋರಿಸಿ, ನೋಡಿ, ಏನೂ ಕೊರತೆ ಇಲ್ಲದ ಮನೆ ಅಂದ್ರೆ ಇದು ಅಂತ ಭಾಷಣ ಮಾಡ್ತಿದ್ರಲ್ರೀ!" ಹೇಳುತ್ತಾ ಹೇಳುತ್ತಾ ನಗು ಬಂತು, ನಗುತ್ತಾ ಕಣ್ಣಲ್ಲಿ ನೀರು ಬಂತು, ಟವೆಲ್ಲಿನಿಂದ ಒರೆಸಿಕೊಂಡರು.

ಸರಪಳಿಗೆ ಹಾಕಿದ್ದ ಬೀಗದ ಕೈ ಮೇಡಂ ಅವರ ಕೊರಳ ಸರದಲ್ಲೇ ಇತ್ತು. ಬೀಗಕ್ಕೆ ಎಣ್ಣೆ ಬಿಟ್ಟೆವು, ಕಾದೆವು, ಮತ್ತೆ ತಿರುವಿದೆವು. ಎರಡಕ್ಕೆ ಹತ್ತು ನಿಮಿಷವಿರುವಾಗ ಅದು ತೆರೆದುಕೊಂಡಿತು. ಮೇಡಂ ಒಳಗೆ ಹೋಗಿ ತಮ್ಮ ಕಿಟಕಿಗಳನ್ನೆಲ್ಲ ತೆರೆದರು. ನಾವು ಬೀದಿಯಲ್ಲಿ ನಿಂತೆವು.

ಎರಡು ಹೊಡೆಯಿತು. ಏನೂ ಆಗಲಿಲ್ಲ. ಎರಡೂ ಐದು, ಎರಡೂ ಹತ್ತು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದಿದ್ದರು. ಆ ಮನೆಗೆ ನಡೆಯುವುದೇ ಮರೆತುಹೋಗಿದೆಯೇನೋ ಎಂದುಕೊಂಡೆ. ಆಗ ಗೇಟಿನ ಕಂಬಗಳ ನಡುವೆ ಧೂಳು ಉದುರಿತು. ಮನೆ, ಬಹಳ ದಿನ ಮಲಗಿದ್ದ ರೋಗಿ ಮೊದಲ ಹೆಜ್ಜೆ ಇಡುವ ಹಾಗೆ, ಒಂದಿಷ್ಟು ತಡವರಿಸಿ ನೆಲ ಬಿಟ್ಟಿತು. ನಮ್ಮ ಕಡೆ ಬರುತ್ತದೆ ಎಂದು ನಾನು ಹಿಂದಕ್ಕೆ ಸರಿದೆ. ನಮ್ಮ ಕಡೆ ಬರಲಿಲ್ಲ. ಹೆಗಲು ತಿರುಗಿಸಿ, ಕಾಂಪೌಂಡು ಒಡೆದುಕೊಂಡು, ಕುಂಬಾರ ಬೀದಿಯ ದಿಕ್ಕಿಗೆ ಹೊರಟಿತು. ಕಿಟಕಿಯಲ್ಲಿ ಮೇಡಂ ನೆಟ್ಟಗೆ ನಿಂತಿದ್ದರು, ಊರೆಲ್ಲ ನೋಡಲಿ ಎಂಬಂತೆ. ಯಾರೂ ಕೈಯೆತ್ತಲಿಲ್ಲ. ಎಲ್ಲರೂ ಕೈಮುಗಿದರು.

ಆ ಮನೆ ಕುಂಬಾರ ಬೀದಿ ಮುಟ್ಟಲು ಒಂಬತ್ತು ದಿನ ಹಿಡಿಯಿತು. ಪುಟ್ಟಗೌರಿಯ ತಾಯಿ ಎರಡು ದಿನ ಮೇಡಂ ಅವರನ್ನು ಬಾಗಿಲಲ್ಲೇ ನಿಲ್ಲಿಸಿದಳಂತೆ. ಮೂರನೇ ದಿನ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದಳಂತೆ. ಭದ್ರಯ್ಯ ಹೇಳಿದ್ದು ಇಷ್ಟೇ. ಹದಿನೈದು ದಿನದ ಮೇಲೆ ಪುಟ್ಟಗೌರಿ ಮತ್ತೆ ನಾಲ್ಕನೇ ತರಗತಿಗೆ ಬಂದು ಕೂತಳು, ಉಳಿದ ಮಕ್ಕಳಿಗಿಂತ ಒಂದು ತಲೆ ಎತ್ತರ, ಹೊನ್ನಿಯ ಪಕ್ಕದ ಜಾಗ. ಕಚೇರಿಯವರು ಈಗ ಎಲ್ಲಿಂದ ಅಳೆಯಬೇಕೆಂದು ತಿಳಿಯದೆ, ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ ಹೇಗಿದ್ದೀರಿ ಎಂದು ಕೇಳುತ್ತಿದ್ದಾರೆ.

ಮಾತ್ರೆ ಶುರುವಾದ ಮೇಲೆ ಹೊನ್ನಿಗೆ ಮೂರ್ಛೆ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಹೋದ ಬುಧವಾರ ಅವಳು ಬುತ್ತಿ ಮರೆತು ಹೋಗಿದ್ದಳು. ಕೊಡೋಣವೆಂದು ಶಾಲೆಗೆ ಹೋದೆ. ಜಗಲಿ ಹತ್ತುವಾಗ ತರಗತಿಯೊಳಗಿಂದ ಬೆಂಚು ಎಳೆಯುವ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಹೊನ್ನಿ ನೆಲದ ಮೇಲಿದ್ದಳು. ಪಂಕಜಾಕ್ಷಿ ಮೇಡಂ ಆಗಲೇ ಪಕ್ಕದಲ್ಲಿ ಮಂಡಿಯೂರಿ ಅವಳನ್ನು ಮಗ್ಗುಲಿಗೆ ತಿರುಗಿಸಿದ್ದರು, ಪುಟ್ಟಗೌರಿ ತನ್ನ ಚೀಲವನ್ನು ಮಡಿಸಿ ತಲೆಯ ಕೆಳಗೆ ಇಡುತ್ತಿದ್ದಳು. ಮಕ್ಕಳು ದೂರ ಹೋಗಿ ನಿಂತಿರಲಿಲ್ಲ. ಸುತ್ತ ಕೂತು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ, ಮಗ್ಗಿ ಹೇಳುವ ರಾಗದಲ್ಲಿ, ಮೆಲ್ಲಗೆ, ನಲವತ್ತು ಬಾಯಿಯಿಂದ ಎಣಿಸುತ್ತಿದ್ದರು. ಐವತ್ತೆರಡು, ಐವತ್ತಮೂರು, ಐವತ್ತನಾಲ್ಕು.

ನನ್ನ ಕಾಲು ಬಾಗಿಲ ಕಡೆಗೆ ಎದ್ದಿತ್ತು. ಅಲ್ಲೇ ನಿಂತಿತು. ಬುತ್ತಿಯನ್ನು ಎದೆಗೆ ಒತ್ತಿಕೊಂಡು ನಾನೂ ತುಟಿಯಲ್ಲೇ ಎಣಿಸಿದೆ. ನೂರರ ಮೇಲೆ ಹೋಯಿತು. ನೂರಾ ಹದಿನೆಂಟಕ್ಕೆ ಹೊನ್ನಿಯ ಕೈ ಸಡಿಲವಾಯಿತು, ಮೇಡಂ ಬೆರಳೆತ್ತಿದರು, ಎಣಿಕೆ ನಿಂತಿತು. ಯಾರೂ ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಮಗು ಕಣ್ಣು ಬಿಟ್ಟಿತು, ಸುತ್ತ ಇದ್ದ ಮುಖಗಳನ್ನು ಒಂದೊಂದಾಗಿ ಗುರುತು ಹಿಡಿಯಿತು.

"ಎಷ್ಟಾಯ್ತು?" ಎಂದು ಕೇಳಿತು.

"ನೂರಾ ಹದಿನೆಂಟು!" ಎಂದು ತರಗತಿಯೆಲ್ಲ ಕೂಗಿತು.

"ಪುಟ್ಟಗೌರಿಗೆ?"

"ಸೋಮವಾರ ನೂರಾ ನಲವತ್ತು ಕಣೇ ನಂಗೆ," ಎಂದಳು ಪುಟ್ಟಗೌರಿ, ಸೋತವರ ಮುಖ ಮಾಡಿಕೊಂಡು.

ಹೊನ್ನಿ ನಕ್ಕಳು. ಬುತ್ತಿಯನ್ನು ಕಿಟಕಿಯ ಅಂಚಿನ ಮೇಲಿಟ್ಟು, ಸದ್ದಾಗದ ಹಾಗೆ, ನಾನು ಮೆಟ್ಟಿಲಿಳಿದು ಬಂದೆ.